ವಕೀಲರ ಕಾರಿಗೆ ಶಾಕಪ್ ಹಾಕಿಸಿದ್ದು

ನಮ್ಮ ಕಾರಿಗೆ ಎಂಥ ಸ್ಪ್ರಿಂಗು ಹಾಕಿಸಬೇಕು ಎಂಬ ಬಗ್ಗೆ ಕೊಪ್ಪಳದಲ್ಲಿ ಅಭಿಪ್ರಾಯ ಇಲ್ಲದವರೇ ಇರಲಿಲ್ಲ. ಕೋರ್ಟಿನ ಗುಮಾಸ್ತರಿಗೆ ಒಂದು ಅಭಿಪ್ರಾಯವಿತ್ತು, ಎದುರುಮನೆಯ ಕಿರಾಣಿ ಅಂಗಡಿಯವರಿಗೆ ಇನ್ನೊಂದಿತ್ತು, ಅಳವಂಡಿಯಲ್ಲಿದ್ದ ನಮ್ಮ ಭಾವನವರಿಗಂತೂ ದಿನಕ್ಕೊಂದು ಹೊಸದು ಹುಟ್ಟುತ್ತಿತ್ತು. ಇವರಲ್ಲಿ ಯಾರೂ ಆ ಕಾರನ್ನು ಒಂದು ಫರ್ಲಾಂಗು ಕೂಡ ಓಡಿಸಿದವರಲ್ಲ. ಓಡಿಸುತ್ತಿದ್ದವಳು ನಾನು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ನನ್ನ ಯಜಮಾನರು ವಕೀಲರು. ಚಿಕ್ಕಂದಿನಲ್ಲಿ ಚಿಣಿಕೋಲು ಆಡುವಾಗ ಚಿಣಿ ಹಾರಿ ಬಂದು ಬಡಿದು ಅವರ ಎಡಗಣ್ಣಿನ ದೃಷ್ಟಿ ಹೋಗಿತ್ತು. ಉಳಿದ ಕಣ್ಣಿನಲ್ಲಿ ಅವರು ಎಷ್ಟು ಸಣ್ಣ ಅಕ್ಷರವನ್ನಾದರೂ ಓದುತ್ತಿದ್ದರು, ಆದರೆ ಗಾಡಿ ಓಡಿಸುವ ಲೈಸೆನ್ಸು ಸಿಗುವಂತಿರಲಿಲ್ಲ. ಕೇಸುಗಳು ಕೊಪ್ಪಳದಲ್ಲಷ್ಟೇ ಅಲ್ಲ, ಯಲಬುರ್ಗಾ, ಕುಷ್ಟಗಿ, ಗಂಗಾವತಿಯಲ್ಲೂ ಇರುತ್ತಿದ್ದವು. ಕರಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ಫೈಲಿನ ಗಂಟನ್ನು ಎದೆಗವಚಿಕೊಂಡು ಅವರು ಬಸ್ಸಿನ ಬಾಗಿಲಲ್ಲಿ ನಿಂತು ಹೋಗುವುದನ್ನು ನೋಡಿ ನನಗೆ ಸಾಕಾಗಿತ್ತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮೂರಿನ ಡಾಕ್ಟರೊಬ್ಬರು ಬೇರೆ ಕಡೆ ಹೊರಟಾಗ ತಮ್ಮ ಹಸಿರು ಬಣ್ಣದ ಸಣ್ಣ ಕಾರನ್ನು ನಮಗೆ ಕೊಟ್ಟು ಹೋದರು.

ಓಡಿಸುವುದು ಯಾರು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಬಹಳ ದಿನ ಉಳಿಯಲಿಲ್ಲ. ನಮ್ಮಪ್ಪ ಬಸ್ಸಿನ ಡ್ರೈವರ್. ಗಂಡುಮಕ್ಕಳಿಲ್ಲದ್ದಕ್ಕೋ, ನನ್ನ ಹಟಕ್ಕೋ, ಪರಿಚಯದವರ ಜೀಪು ತಂದು ಬೇಸಿಗೆ ರಜೆಯಲ್ಲಿ ಶಾಲೆಯ ಬಯಲಿನಲ್ಲಿ ನನಗೆ ಗಾಡಿ ಕಲಿಸಿದ್ದರು. ಆಗ ನಮ್ಮದು ರಾಯಚೂರು ಜಿಲ್ಲೆ. ಲೈಸೆನ್ಸಿಗೆಂದು ರಾಯಚೂರಿಗೆ ಹೋದಾಗ ಪರೀಕ್ಷೆ ಮಾಡುವವರು ನನ್ನನ್ನು ಗಾಡಿ ಓಡಿಸಲು ಹೇಳಿ, ಮುಗಿದ ಮೇಲೆ ಪಕ್ಕದಲ್ಲಿದ್ದ ಅಪ್ಪನಿಗೆ "ಛಲೋ ಕಲಿಸೀರಿ" ಎಂದಿದ್ದರು. ಅಲ್ಲಿಂದಲೇ ಶುರುವಾಗಿತ್ತು ನೋಡಿ, ನನಗೆ ಹೇಳಬೇಕಾದ ಮಾತನ್ನು ಪಕ್ಕದಲ್ಲಿದ್ದ ಗಂಡಸಿಗೆ ಹೇಳುವುದು.

ಹೀಗೆ ನಾನು ವಕೀಲರ ಹೆಂಡತಿಯೂ ಆದೆ, ವಕೀಲರ ಡ್ರೈವರೂ ಆದೆ. ಅವರು ಕೋರ್ಟಿನೊಳಗೆ ವಾದಿಸುತ್ತಿದ್ದಾಗ ನಾನು ಹೊರಗೆ ಬೇವಿನ ಗಿಡದ ನೆರಳಿನಲ್ಲಿ ಕಾರು ನಿಲ್ಲಿಸಿ ಸ್ವೆಟರ್ ಹೆಣೆಯುತ್ತಿದ್ದೆ. ಮೊದಮೊದಲು ಸುತ್ತ ಜನ ನಿಂತು ನೋಡುತ್ತಿದ್ದರು. ಆಮೇಲೆ ಅವರಿಗೂ ಬೇಸರವಾಯಿತು.

ತೊಂದರೆ ಶುರುವಾದದ್ದು ಯಲಬುರ್ಗಾ ರಸ್ತೆಯಲ್ಲಿ. ಆ ಸೀಮೆ ಪೂರ್ತಿ ಎರೆ ಭೂಮಿ. ಮಳೆ ಬಂದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲೆ ಹಾಕಿದ ಡಾಂಬರು ಪಾಪ ಏನು ಮಾಡೀತು, ಅದೂ ಉಬ್ಬಿ ತಗ್ಗಿ ಅಲೆಅಲೆಯಾಗುತ್ತದೆ. ಅಂಥ ರಸ್ತೆಯಲ್ಲಿ ನಮ್ಮ ಕಾರು ಒಂದು ಉಬ್ಬು ಹತ್ತಿ ಇಳಿದರೆ ಸುಮ್ಮನಾಗುತ್ತಿರಲಿಲ್ಲ. ಮುಂದಿನ ಉಬ್ಬು ಬರುವವರೆಗೂ ಕುಣಿಯುತ್ತಲೇ ಇರುತ್ತಿತ್ತು. ಅದರ ಮೇಲೆ ನಮ್ಮ ಯಜಮಾನರಿಗೆ ಒಂದು ಅಭ್ಯಾಸ. ದಾರಿಯಲ್ಲಿ ಕಕ್ಷಿದಾರರು ಯಾರೇ ಕಂಡರೂ "ಬರ್ರಿ, ಬರ್ರಿ, ನಾವೂ ಕೋರ್ಟಿಗೇ ಹೊಂಟೇವಿ" ಎಂದು ಹತ್ತಿಸಿಕೊಳ್ಳುವುದು. ಒಬ್ಬ ಕಕ್ಷಿದಾರನ ಹಿಂದೆ ಅವನ ಸಾಕ್ಷಿಗಳು, ಸಾಕ್ಷಿಗಳ ಹಿಂದೆ ಅವರ ಬುತ್ತಿಗಂಟು. ಹಿಂದಿನ ಸೀಟು ತುಂಬಿದೊಡನೆ ಕಾರಿನ ಬಾಲ ಕುಸಿದು ಸೈಲೆನ್ಸರು ಕಲ್ಲಿಗೆ ತಾಗುತ್ತಿತ್ತು, ಮೂಗು ಮಾತ್ರ ಆಕಾಶ ನೋಡುತ್ತಿತ್ತು.

ನನಗೆ ಕಾರಣ ಗೊತ್ತಿತ್ತು. ಬಸ್ ಡ್ರೈವರನ ಮಗಳಿಗೆ ಅಷ್ಟೂ ಗೊತ್ತಿರದಿದ್ದರೆ ಹೇಗೆ? ನಮ್ಮ ಕಾರಿಗೆ ಮುಂದೆ ಸುರುಳಿ ಸ್ಪ್ರಿಂಗುಗಳು, ಹಿಂದೆ ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಆ ಪಟ್ಟಿಗಳಿಗೆ ನಮ್ಮ ಕಡೆ ಪಾಟಾ ಎನ್ನುತ್ತಾರೆ. ಭಾರ ಹೊರುವುದು ಇವುಗಳ ಕೆಲಸ. ಆದರೆ ಸ್ಪ್ರಿಂಗನ್ನು ಒಮ್ಮೆ ಅದುಮಿ ಬಿಟ್ಟರೆ ಅದು ತಾನಾಗಿ ನಿಲ್ಲುವುದಿಲ್ಲ, ಕುಣಿಯುತ್ತದೆ. ಆ ಕುಣಿತವನ್ನು ಹಿಡಿದು ನಿಲ್ಲಿಸಲು ಪ್ರತಿ ಗಾಲಿಯ ಹತ್ತಿರ ಒಂದು ಎಣ್ಣೆ ತುಂಬಿದ ಕೊಳವೆ ಇರುತ್ತದೆ. ಎಲ್ಲರ ಬಾಯಲ್ಲೂ ಅದು ಶಾಕಪ್. ಅದು ಕೆಟ್ಟಿದೆಯೋ ಇಲ್ಲವೋ ನೋಡುವುದನ್ನು ಅಪ್ಪ ತೋರಿಸಿದ್ದರು. ಕಾರಿನ ಒಂದು ಮೂಲೆಯನ್ನು ಮೈಭಾರ ಹಾಕಿ ಒತ್ತಿ ಬಿಡಬೇಕು. ಮೇಲೆ ಬಂದು ನಿಂತರೆ ಸರಿಯಿದೆ. ಮೇಲೆ ಕೆಳಗೆ ಆಡುತ್ತಲೇ ಇದ್ದರೆ ಶಾಕಪ್ಪಿನ ಕಥೆ ಮುಗಿದಿದೆ. ಅಂಗಳದಲ್ಲಿ ಒತ್ತಿ ನೋಡಿದೆ. ನಮ್ಮ ಕಾರು ತೊಟ್ಟಿಲಿನಂತೆ ತೂಗಿತು.

ಒಳಗೆ ಹೋಗಿ ಯಜಮಾನರಿಗೆ ಹೇಳಿದೆ: ಶಾಕಪ್ ಹೋಗಿವೆ, ನಾಲ್ಕನ್ನೂ ಬದಲಾಯಿಸಬೇಕು, ಹಿಂದಿನ ಪಾಟಾ ಸೋತಿವೆ, ಅವನ್ನೂ ನೋಡಿಸಬೇಕು. ಅವರು ಫೈಲಿನಿಂದ ತಲೆ ಎತ್ತದೆ, "ವಿಚಾರ ಮಾಡೂಣು ತಡಿ" ಎಂದರು.

ವಿಚಾರ ಮಾಡುವುದೆಂದರೆ ಅವರ ಪ್ರಕಾರ ವಿಚಾರಣೆ ಮಾಡುವುದು. ಮರುದಿನದಿಂದಲೇ ಸಾಕ್ಷಿಗಳ ಹೇಳಿಕೆ ಶುರುವಾಯಿತು. ಕೋರ್ಟಿನ ವಕೀಲರ ಕೋಣೆಯಲ್ಲಿ ಚಹಾದ ಹೊತ್ತಿಗೆ ಇದೇ ಮಾತು. ಒಬ್ಬರು ಟೈರಿನ ಗಾಳಿ ಕಡಿಮೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದರಂತೆ. ಇನ್ನೊಬ್ಬರು ಗಾಳಿ ಹೆಚ್ಚು ಮಾಡಲು ಹೇಳಿದರಂತೆ. ಇವನ್ನೆಲ್ಲ ಅವರು ಊಟಕ್ಕೆ ಕೂತಾಗ ನನಗೆ ಒಪ್ಪಿಸುತ್ತಿದ್ದರು, ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಶಾಕಪ್, ಶಾಕಪ್ ಎಂದು ನಾನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಅದಕ್ಕೆ ಅವರು, "ಎಣ್ಣಿ ಸೋರಿಲ್ಲಲ್ಲ. ಸೋರಿದ್ರ ಕೆಟ್ಟೈತಿ ಅನ್ನಬೌದು. ಪುರಾವೆ ಎಲ್ಲೈತಿ?" ಎನ್ನುತ್ತಿದ್ದರು.

ಕೊನೆಗೆ ಗೆದ್ದದ್ದು ಭಾವನವರು, ಯಜಮಾನರ ಅಣ್ಣ. ಅಳವಂಡಿಯಲ್ಲಿ ಹೊಲ ನೋಡಿಕೊಂಡಿದ್ದವರು, ಟ್ರ್ಯಾಕ್ಟರ್ ಇಟ್ಟವರು, ಆ ಕಾರಣಕ್ಕೆ ಗಾಲಿ ಇರುವ ಎಲ್ಲದರ ಬಗ್ಗೆಯೂ ತಿಳಿದವರು. ಒಂದು ಸಂಜೆ ಬಂದು ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿ ತೀರ್ಪು ಕೊಟ್ಟರು.

"ಪಾಟಾ ಸಾಲಂಗಿಲ್ಲ ತಮ್ಮಾ. ಎರಡೆರಡು ಜಾಸ್ತಿ ಹಾಕ್ಸು. ಆಮ್ಯಾಲೆ ಕಡ್ಲಿ ಚೀಲ ಹೇರಿದ್ರೂ ಜಗ್ಗಂಗಿಲ್ಲ."

ನಮ್ಮ ಕಾರಿನಲ್ಲಿ ಕಡಲೆ ಚೀಲ ಹೇರುವುದಿಲ್ಲ ಭಾವಾರ, ಮನುಷ್ಯರು ಕೂಡುತ್ತಾರೆ ಎಂದು ನಾನು ಅಂದೆ. ಅವರು ನಕ್ಕು, ಚಹಾ ಮಾಡವಾ ತಂಗಿ ಎಂದರು. ಚಹಾ ಮಾಡಿದೆ.

ಕೊಪ್ಪಳದ ಗ್ಯಾರೇಜಿನ ಮಿಸ್ತ್ರಿ ಯಾವುದಕ್ಕೂ ಇಲ್ಲ ಎನ್ನುವವರಲ್ಲ. ಯಾವುದೋ ಹಳೆಯ ವ್ಯಾನಿನಿಂದ ಬಿಚ್ಚಿಟ್ಟಿದ್ದ ದಪ್ಪ ಪಾಟಾಗಳಿದ್ದವು, ಅವನ್ನೇ ಕತ್ತರಿಸಿ ಎರಡೂ ಬದಿಗೆ ಎರಡೆರಡು ಸೇರಿಸಿ ಬಿಗಿದರು. ಕಾರಿನ ಬಾಲ ಎದ್ದು ನಿಂತಿತು. ಯಜಮಾನರು ಡಿಕ್ಕಿಯ ಮೇಲೆ ಕೈಯೂರಿ ಒತ್ತಿ, ಅದು ಒಂದಿಷ್ಟೂ ಕದಲದ್ದನ್ನು ಕಂಡು, "ಈಗ ಗಟ್ಟಿ ಆತು" ಎಂದು ಸಂತೋಷಪಟ್ಟರು. ಕಲ್ಲೂ ಕದಲುವುದಿಲ್ಲ. ಹಾಗಂತ ಕಲ್ಲಿನ ಮೇಲೆ ಕೂತು ಯಲಬುರ್ಗಾಕ್ಕೆ ಹೋಗಲು ಆಗುತ್ತದೆಯೇ?

ಅವರು ಮುಂದಿನ ಸೀಟಿನಲ್ಲಿ ಕೂಡುತ್ತಿದ್ದರು, ಹಿಂದೆ ಕೂತವರ ಸ್ಥಿತಿ ಅವರಿಗೆ ತಿಳಿಯುತ್ತಿರಲಿಲ್ಲ. ಪ್ರತಿ ತಗ್ಗಿಗೂ ಹಿಂದಿನಿಂದ "ಯಪ್ಪಾ" ಎಂಬ ಧ್ವನಿ ಬರುತ್ತಿತ್ತು. ಬುತ್ತಿಯ ಮೊಸರು ಸೀಟಿಗೆ ಚೆಲ್ಲಿತು. ಹಿಂದಿನ ಬಾಗಿಲು ತಾನಾಗಿ ತೆರೆದುಕೊಳ್ಳತೊಡಗಿತು. ಖಾಲಿ ಇದ್ದಾಗ ಇನ್ನೂ ಕಷ್ಟ. ಕೊರಕಲು ರಸ್ತೆ ಬಂದರೆ ಹಿಂದಿನ ಗಾಲಿಗಳು ನೆಲ ಬಿಟ್ಟು ಪಕ್ಕಕ್ಕೆ ಜಿಗಿಯುತ್ತಿದ್ದವು, ನಾನು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕಾರನ್ನು ರಸ್ತೆಗೆ ಎಳೆದು ತರುತ್ತಿದ್ದೆ. ಸೊಂಟದಲ್ಲಿ ನೋವು ಕೂತಿತು. ಯಲಬುರ್ಗಾ ದಾರಿಯಲ್ಲಿರುವ ತಳಕಲ್ಲಿನ ಮುದುಕಿಯೊಬ್ಬಳು, ಹೊಲದ ವ್ಯಾಜ್ಯದ ಕಕ್ಷಿದಾರಳು, ಒಂದು ಸಲ ನಮ್ಮ ಜೊತೆ ಬಂದವಳು ಮರುಸಲ ಕಾರು ನಿಲ್ಲಿಸಿದರೆ ಹತ್ತಲಿಲ್ಲ. ಕಿಟಕಿಯ ಬಳಿ ಬಂದು ಮೆಲ್ಲಗೆ, "ನೀವು ನಡೀರಿ ಯವ್ವಾ, ನಾ ಬಸ್ಸಿಗೆ ಬರ್ತೀನಿ" ಎಂದಳು. ಯಜಮಾನರಿಗೆ ಅದು ಚುಚ್ಚಿತು. ಅವರ ಕಾರು ಹತ್ತಲು ಒಲ್ಲೆನೆಂದ ಮೊದಲ ಕಕ್ಷಿದಾರಳು ಆಕೆ.

ಈಗಲಾದರೂ ಪಾಟಾ ತೆಗೆಸಿ ಶಾಕಪ್ ಹಾಕಿಸೋಣ ಎಂದೆ. ಅವರು ಹಾಗೆ ಯೋಚಿಸಲಿಲ್ಲ. ಹಿಂದೆ ಗಟ್ಟಿಯಾಗಿ ಮುಂದೆ ಮೆತ್ತಗಿರುವುದರಿಂದ ತೊಂದರೆಯಾಗಿದೆ, ಮುಂದೆಯೂ ಗಟ್ಟಿ ಮಾಡಿದರೆ ಎರಡೂ ಸಮನಾಗುತ್ತವೆ ಎಂದು ಅವರ ವಾದ. ವಾದ ಕೇಳಲು ಚೆನ್ನಾಗಿತ್ತು. ಅವರ ಎಲ್ಲ ವಾದಗಳೂ ಕೇಳಲು ಚೆನ್ನಾಗಿಯೇ ಇರುತ್ತಿದ್ದವು.

ಗಂಗಾವತಿ ಆಗ ಕಾಲುವೆ ನೀರಿನಿಂದ ಬೆಳೆದ ಊರು. ಭತ್ತದ ಗಿರಣಿಗಳು, ಲಾರಿಗಳು, ಟ್ಯಾಕ್ಸಿಗಳು, ಅವಕ್ಕೆಲ್ಲ ಬಿಡಿಭಾಗ ಮಾರುವ ಅಂಗಡಿಗಳು. ಕೋರ್ಟಿನ ಕೆಲಸಕ್ಕೆ ಹೋದಾಗ ಅಂಥ ಒಂದು ಅಂಗಡಿಗೆ ಹೋದೆವು. ಆಂಧ್ರದಿಂದ ಬಂದು ನೆಲೆಸಿದ ಕುಟುಂಬದವರು ಮಾಲೀಕರು. ಅವರ ಬಳಿ ನಮ್ಮ ಕಾರಿನ ಅಳತೆಯ ಮುಂದಿನ ಸ್ಪ್ರಿಂಗುಗಳಲ್ಲಿ ಎರಡು ನಮೂನೆ ಇದ್ದವು. ಒಂದು ಸಾದಾ. ಇನ್ನೊಂದು, ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡ ಟ್ಯಾಕ್ಸಿಗಳಿಗಾಗಿ ಮಾಡಿದ್ದು. ಡೀಸೆಲ್ ಎಂಜಿನ್ ಭಾರ ಹೆಚ್ಚು, ಅದಕ್ಕೇ ಆ ಸ್ಪ್ರಿಂಗಿನ ತಂತಿ ದಪ್ಪ. ನಮ್ಮದು ಪೆಟ್ರೋಲ್ ಎಂಜಿನ್, ಸಾದಾ ಸ್ಪ್ರಿಂಗೇ ಸಾಕು ಎಂದು ನಾನು ಹೇಳಿದೆ. ಮಾಲೀಕರು ನನ್ನ ಮಾತು ಪೂರ್ತಿ ಕೇಳಿ, ಯಜಮಾನರ ಕಡೆ ತಿರುಗಿ ಯಾವುದು ಕೊಡಲಿ ಸಾರ್ ಎಂದು ಕೇಳಿದರು. ಯಜಮಾನರು ಎರಡನ್ನೂ ಕೈಯಲ್ಲಿ ಹಿಡಿದು ತೂಗಿ, ದಪ್ಪ ಇದ್ದದ್ದನ್ನು ಆರಿಸಿದರು.

ಅದನ್ನು ಹಾಕಿಸಿದ ಮೇಲೆ ಕಾರು ಮುಂದೆಯೂ ಎದ್ದು ನಿಂತಿತು. ಹಳೆಯ ಶಾಕಪ್ಪುಗಳು ಮೊದಲೇ ಸತ್ತಿದ್ದವು. ಈ ಬಿಗಿ ಸ್ಪ್ರಿಂಗುಗಳನ್ನು ಅವು ಹಿಡಿಯುವ ಮಾತೇ ಇರಲಿಲ್ಲ. ಮೊದಲು ತೊಟ್ಟಿಲಿನಂತೆ ತೂಗುತ್ತಿದ್ದ ಕಾರು ಈಗ ಆಡಿನ ಮರಿಯಂತೆ ನೆಗೆಯತೊಡಗಿತು.

ಮಳೆಗಾಲ ಮುಗಿಯುತ್ತ ಬಂದಿತ್ತು. ಸಜ್ಜೆ ಕೊಯ್ಲಿನ ದಿನ. ನಮ್ಮ ಕಡೆ ಸಜ್ಜೆಯ ತೆನೆಯನ್ನು ರಸ್ತೆಯ ಮೇಲೆ ಹರವುತ್ತಾರೆ, ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಉದುರಿಸಲಿ ಎಂದು. ತಳಕಲ್ಲಿನ ಆಚೆ ಒಂದು ಹಳ್ಳ, ಹಳ್ಳಕ್ಕೆ ಸಣ್ಣ ಸೇತುವೆ, ಸೇತುವೆ ಇಳಿದೊಡನೆ ತಿರುವು. ಆ ದಿನ ಯಜಮಾನರಿಗೆ ಯಲಬುರ್ಗಾದಲ್ಲಿ ಮುಖ್ಯವಾದ ಕೇಸು. ಹಿಂದಿನ ಸೀಟಿನಲ್ಲಿ ಫೈಲುಗಳು ಬಿಟ್ಟರೆ ಯಾರೂ ಇರಲಿಲ್ಲ. ನಾನು ಜೋರಾಗಿಯೇನೂ ಹೋಗುತ್ತಿರಲಿಲ್ಲ. ಸೇತುವೆಯ ಉಬ್ಬು ಹತ್ತಿ ಇಳಿಯುವಾಗ ಮುಂದಿನ ಗಾಲಿಗಳು ನೆಗೆದವು, ಅವು ನೆಲ ಮುಟ್ಟುವಷ್ಟರಲ್ಲಿ ಹಿಂದಿನವು ನೆಗೆದವು. ತಿರುವಿನಲ್ಲಿ ರಸ್ತೆ ತುಂಬ ಸಜ್ಜೆ ಹರವಿತ್ತು. ನಾನು ಸ್ಟೇರಿಂಗ್ ತಿರುಗಿಸಿದೆ, ಗಾಲಿ ನೆಲದ ಮೇಲೆ ಇದ್ದರಲ್ಲವೇ ಕಾರು ತಿರುಗುವುದು? ನೇರವಾಗಿ ಡಾಂಬರು ಬಿಟ್ಟು, ಬದುವಿನ ಜಾಲಿ ಬೇಲಿ ಮುರಿದು, ಹಸಿ ಎರೆ ಹೊಲದಲ್ಲಿ ಹೋಗಿ ನಿಂತಿತು. ನಿಂತದ್ದಷ್ಟೇ ಅಲ್ಲ, ಕೂತಿತು.

ನಾನು ಎಂಜಿನ್ ಆರಿಸಿದೆ. ಯಜಮಾನರ ಕನ್ನಡಕ ಕಾಲಬುಡದಲ್ಲಿ ಬಿದ್ದಿತ್ತು, ಹಿಂದಿನ ಫೈಲುಗಳೆಲ್ಲ ಬಿಚ್ಚಿ ಕಾಗದಗಳು ನಮ್ಮ ಹೆಗಲ ಮೇಲೂ ಬಂದಿದ್ದವು. ಗಾಯವಾಗಿರಲಿಲ್ಲ. ಸಜ್ಜೆ ಕಾಯುತ್ತಿದ್ದ ರೈತರು ಓಡಿ ಬಂದರು, ಎತ್ತು ಹೂಡಿ ಕಾರನ್ನು ಎಳೆಯತೊಡಗಿದರು. ಕಾರು ಒಂದು ಮೊಳ ಬಂದರೆ ಎರಡು ಮೊಳ ಹೂತುಹೋಗುತ್ತಿತ್ತು. ಅವರಲ್ಲೊಬ್ಬ ಹಿರಿಯರು ಬೆವರು ಒರೆಸಿಕೊಳ್ಳುತ್ತ, ನನ್ನ ಕಡೆ ನೋಡಿ ಯಜಮಾನರನ್ನು ಕೇಳಿದರು.

"ಅಕ್ಕಾರಿಗೆ ಗಾಡಿ ಹೊಡ್ಯಾಕ ಬರ್ತೈತೇನ್ರಿ ಸಾಹೇಬ್ರ?"

ಯಜಮಾನರು ಉತ್ತರ ಕೊಡಲಿಲ್ಲ. ಕಾಗದಗಳ ಮಣ್ಣು ಜಾಡಿಸುತ್ತ ನಿಂತಿದ್ದರು. ಕೋರ್ಟಿನಲ್ಲಿ ಎದುರಾಳಿಯ ಒಂದು ಮಾತನ್ನೂ ನೆಲಕ್ಕೆ ಬೀಳಲು ಬಿಡದ ಮನುಷ್ಯ, ಆ ಒಂದು ಮಾತಿಗೆ ಬಾಯಿ ತೆರೆಯಲಿಲ್ಲ. ನೆಗೆದ ಕಾರಿಗಿಂತ, ಮುರಿದ ಬೇಲಿಗಿಂತ ನನಗೆ ಅದು ಹೆಚ್ಚು ಸಿಟ್ಟು ತರಿಸಿತು. ಅವರು ಹಿಂದಿನಿಂದ ಬಂದ ಬಸ್ಸು ಹತ್ತಿ, ಮೊಣಕಾಲಿನವರೆಗೆ ಕೆಸರು ಮೆತ್ತಿದ ಪ್ಯಾಂಟಿನಲ್ಲೇ ಕೋರ್ಟಿಗೆ ಹೋದರು. ಕೇಸು ಮುಂದಕ್ಕೆ ಹೋಯಿತು.

ಇನ್ನೊಂದು ಜೋಡಿ ಎತ್ತು ಹೂಡಿದ ಮೇಲೆ ಕಾರು ರಸ್ತೆಗೆ ಬಂತು. ಸಂಜೆ ಕೊಪ್ಪಳಕ್ಕೆ ಬಂದ ಮೇಲೆ ಕಾರಿನ ಚಾವಿಯನ್ನು ಅವರ ಮೇಜಿನ ಮೇಲೆ ಇಟ್ಟೆ.

"ಇನ್ಮ್ಯಾಲೆ ಬಸ್ಸಿಗೆ ಹೋಗ್ರಿ. ಈ ಗಾಡಿ ಏನು ಬೇಡ್ತೈತಿ ಅಂತ ನಾ ಹೇಳೂತನ, ನಾ ಹೇಳಿದ್ದು ಆಗೂತನ, ನಾ ಮುಟ್ಟಂಗಿಲ್ಲ."

ಅವರು ನಾಳೆ ಮಾತಾಡೋಣ ಎಂದರು. ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಬುತ್ತಿ ಕಟ್ಟಿ ಕೊಟ್ಟೆ, ಚಾವಿ ಮುಟ್ಟಲಿಲ್ಲ. ಅವರು ಸ್ವಲ್ಪ ಹೊತ್ತು ಕಾರಿನ ಹತ್ತಿರ ನಿಂತು, ಬಸ್‌ಸ್ಟ್ಯಾಂಡಿನ ಕಡೆ ನಡೆದರು. ವಾರ ಕಳೆಯಿತು, ಇನ್ನೊಂದು ಕಳೆಯಿತು. ಕಾರಿನ ಮೇಲೆ ಕೋಳಿಗಳು ಹತ್ತಿ ಕೂಡತೊಡಗಿದವು. ಅತ್ತೆಯವರು, ಮೊದಲು ನಾನು ಕಾರು ಓಡಿಸುವುದಕ್ಕೆ ಮುನಿದವರು, ಈಗ ಓಡಿಸದಿರುವುದಕ್ಕೆ ಮುನಿದರು. ವಕೀಲರ ಕೋಣೆಯಲ್ಲಿ ಯಜಮಾನರು ರಸ್ತೆಯ ಮೇಲಿನ ಸಜ್ಜೆಯದೇ ತಪ್ಪು ಎಂದು ಹೇಳುತ್ತಿದ್ದಾರೆ ಎಂಬ ಸುದ್ದಿ ಎದುರುಮನೆಯವರಿಂದ ನನಗೆ ಬಂತು. ನಾನು ಇನ್ನಷ್ಟು ಬಿಗಿಯಾದೆ.

ಒಂದು ಭಾನುವಾರ ನಾನು ಅಂಗಳ ಗುಡಿಸುತ್ತಿದ್ದಾಗ ಅವರು ಬಂದು ಕಾರಿನ ಹತ್ತಿರ ನಿಂತರು. ಆ ಶಾಕಪ್ ಅಂದರೆ ಏನು, ಒಮ್ಮೆ ತೋರಿಸು ಎಂದರು. ಕಸಬರಿಗೆ ಬದಿಗಿಟ್ಟು ಅವರ ಕೈಯನ್ನೇ ಮುಂದಿನ ಮಡ್‌ಗಾರ್ಡಿನ ಮೇಲೆ ಇರಿಸಿ, ಭಾರ ಹಾಕಿ ಒತ್ತಿ ಬಿಡಿ ಎಂದೆ. ಒತ್ತಿ ಬಿಟ್ಟರು. ಕಾರು ಕುಣಿಯಿತು. ಅವರು ಅದು ನಿಲ್ಲುವವರೆಗೆ ನೋಡಿದರು. ಮುಂದಿನ ಇನ್ನೊಂದು ಮೂಲೆಗೆ ಹೋಗಿ ಒತ್ತಿದರು. ಸ್ಪ್ರಿಂಗು ಎಷ್ಟು ಗಟ್ಟಿಯಾದರೆ ಅಷ್ಟು ಗಟ್ಟಿಯಾದ ಹಿಡಿತ ಬೇಕು, ನೀವು ಹಿಡಿತವೇ ಇಲ್ಲದ ಗಾಡಿಗೆ ಬಲ ತುಂಬಿದಿರಿ ಎಂದು ನಾನು ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಅಂದರು:

"ಇದನ್ನ ಮೊದ್ಲ ಯಾಕ ಹೇಳ್ಲಿಲ್ಲ ನೀ?"

ಕೈಯಲ್ಲಿ ಕಸಬರಿಗೆ ಇರಲಿಲ್ಲ, ಒಳ್ಳೆಯದಾಯಿತು. ಹೇಳಿದ್ದೆ ಎಂದೆ. ಯಾವಾಗ ಎಂದರು. ನಾನು ಕಸಬರಿಗೆ ಎತ್ತಿಕೊಂಡು ಮತ್ತೆ ಗುಡಿಸತೊಡಗಿದೆ. ಬಹಳ ಹೊತ್ತಿನ ಮೇಲೆ ಅವರಿಗೆ ಏನೋ ನೆನಪಾದಂತೆ ಕಂಡಿತು. ಕನ್ನಡಕ ತೆಗೆದು ಒರೆಸಿಕೊಂಡು, "ಆತು. ನಿನಗ ತಿಳಿದಂಗ ಮಾಡಿಸು. ನಾ ನಡುವ ಬರಂಗಿಲ್ಲ" ಎಂದರು. ಹೊಲದಲ್ಲಿ ಆ ಹಿರಿಯರು ಕೇಳಿದ ಮಾತಿಗೆ ಅಂದು ಉತ್ತರ ಕೊಡಬೇಕಿತ್ತು ಎಂದೂ ಅಂದರು. ಅದನ್ನು ಅವರಾಗಿಯೇ ಅಂದದ್ದು. ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೆ ಚಾವಿ ತೆಗೆದುಕೊಂಡೆ.

ಮರುದಿನ ಒಬ್ಬಳೇ, ಎತ್ತಿನಗಾಡಿಯ ವೇಗದಲ್ಲಿ, ಗಂಗಾವತಿಗೆ ಹೋದೆ. ಅಂಗಡಿ ಮಾಲೀಕರು ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದರು.

"ವಕೀಲರು ಬರಲಿಲ್ಲವಾ ಅಮ್ಮಾ?"

ಬಂದಿಲ್ಲ, ಬರುವುದೂ ಇಲ್ಲ ಎಂದೆ. ನೀವು ಕೊಟ್ಟ ಸ್ಪ್ರಿಂಗು ಸರಿಯಿಲ್ಲ, ಬದಲಾಯಿಸಬೇಕು ಎಂದೆ. ಅವರು ಸಮಾಧಾನವಾಗಿ, ಆ ಸ್ಪ್ರಿಂಗು ಟ್ಯಾಕ್ಸಿಯವರೆಲ್ಲ ಹಾಕಿಸುತ್ತಾರೆ, ಯಾರೂ ದೂರು ತಂದಿಲ್ಲ, ವಕೀಲರು ಬಂದಾಗ ಮಾತಾಡೋಣ ಎಂದರು. ನನಗೆ ಇನ್ನು ಮಾತಿನಲ್ಲಿ ನಂಬಿಕೆ ಉಳಿದಿರಲಿಲ್ಲ. ಕಾರಿನ ಬಾಗಿಲು ತೆರೆದು ಹಿಡಿದೆ.

"ಕೂಡ್ರಿ. ಕಾಲುವಿ ತನಕ ಹೋಗಿ ಬರೂಣು. ಆಮ್ಯಾಲೆ ನೀವೇನು ಹೇಳ್ತೀರಿ ಅದನ್ನ ಕೇಳ್ತೀನಿ."

ಪಕ್ಕದ ಅಂಗಡಿಯವರು ನೋಡುತ್ತಿದ್ದರು. ಒಲ್ಲೆ ಎಂದರೆ ಅಂಜಿದರು ಎಂದಾಗುತ್ತದೆ. ಅವರು ಬಂದು ಹಿಂದಿನ ಸೀಟಿನಲ್ಲಿ ಕೂತರು. ಮುಂದೆ ನನ್ನ ಪಕ್ಕ ಕೂಡುವುದು ಸರಿಯಲ್ಲ ಎಂದು ಅವರಿಗನ್ನಿಸಿರಬೇಕು, ನನಗೂ ಅದೇ ಬೇಕಾಗಿತ್ತು. ಭತ್ತದ ಗದ್ದೆಗಳ ನಡುವಿನ ಆ ರಸ್ತೆಗೆ ಅಲ್ಲಲ್ಲಿ ಕಾಲುವೆ ಅಡ್ಡ ಬರುತ್ತದೆ, ಪ್ರತಿ ಕಾಲುವೆಗೂ ಒಂದು ಗೂನು ಸೇತುವೆ. ನಾನು ನಿಧಾನ ಮಾಡಲಿಲ್ಲ. ಮೊದಲ ಸೇತುವೆಗೆ ಅವರ ತಲೆ ಮೇಲಿನ ತಗಡಿಗೆ ಬಡಿಯಿತು. ಎರಡನೆಯದಕ್ಕೆ ತೆಲುಗಿನಲ್ಲಿ ಯಾವುದೋ ದೇವರನ್ನು ಕರೆದರು. ತಿರುಗಿಸಿಕೊಂಡು ಬರುವಾಗ ಎರಡೂ ಕೈಯಿಂದ ಮುಂದಿನ ಸೀಟು ಹಿಡಿದುಕೊಂಡಿದ್ದರು.

ಅಂಗಡಿ ಮುಂದೆ ಇಳಿದು, ತಲೆ ಸವರಿಕೊಂಡು, ನೀರು ಕುಡಿದು, ಅವರು ಕೇಳಿದ ಮೊದಲ ಪ್ರಶ್ನೆ: "ಇದರಲ್ಲಿ ಸಾಮಾನ್ಯವಾಗಿ ಎಷ್ಟು ಜನ ಕೂಡ್ತಾರೆ ಅಮ್ಮಾ? ಯಾವ ರಸ್ತೆ ಜಾಸ್ತಿ?"

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನನಗೆ ಕೂಡಲು ಸ್ಟೂಲು ಕೊಟ್ಟರು, ನಾನು ಎಲ್ಲ ಹೇಳಿದೆ. ಮುಂದೆ ಸಾದಾ ಸ್ಪ್ರಿಂಗು ಎಂಬುದರಲ್ಲಿ ಈಗ ತಕರಾರು ಉಳಿಯಲಿಲ್ಲ. ಹಿಂದೆ ಭಾವನವರ ಪಾಟಾಗಳನ್ನು ತೆಗೆದು, ಸೋತ ಹಳೆಯವನ್ನು ಬದಲಿಸಿ, ಬೇಕಿದ್ದರೆ ತೆಳುವಾದ ಒಂದನ್ನು ಮಾತ್ರ ಹೆಚ್ಚಿಗೆ ಸೇರಿಸುವುದು ಎಂದಾಯಿತು. ಜಗಳ ಉಳಿದದ್ದು ಶಾಕಪ್ ಬಗ್ಗೆ. ಅವರ ಬಳಿ ಎರಡು ಕಂಪನಿಯವು ಇದ್ದವು. ಒಂದು ತುಂಬ ಬಿಗಿ, ಟ್ಯಾಕ್ಸಿಯವರಿಗೆ ಇಷ್ಟವಾದದ್ದು ಎಂದು ಅದನ್ನೇ ಕೊಡಲು ನೋಡಿದರು. ಎರಡನ್ನೂ ನೆಲಕ್ಕೆ ನಿಲ್ಲಿಸಿ ನಾನೇ ಕೈಯಿಂದ ಒತ್ತಿ ಎಳೆದು ನೋಡಿದೆ. ಬಿಗಿಯಾದದ್ದು ಒತ್ತಲು ಕಲ್ಲಿನಂತಿತ್ತು, ಎಳೆದರೆ ಸಲೀಸಾಗಿ ಬಂದುಬಿಡುತ್ತಿತ್ತು. ಸ್ಪ್ರಿಂಗು ಮೇಲೆ ನೆಗೆಯುವಾಗ ಶಾಕಪ್ ಹಿಡಿದು ತಡೆಯಬೇಕಾದದ್ದೇ ಆ ಎಳೆತವನ್ನು. ಇನ್ನೊಂದು ಒತ್ತಲು ಅಷ್ಟು ಕಷ್ಟವಿರಲಿಲ್ಲ, ಎಳೆದಾಗ ಮಾತ್ರ ಜೇನುತುಪ್ಪದಿಂದ ಚಮಚ ಎತ್ತಿದಂತೆ ನಿಧಾನವಾಗಿ ಬಂತು. ಅದನ್ನೇ ಕೊಡಿ ಎಂದೆ. ಮೆತ್ತಗಾಗುತ್ತದೆ ಎಂದು ಅವರು, ಆಗಲಿ ಎಂದು ನಾನು. ಆಮೇಲೆ ಅವರೂ ಎರಡನ್ನೂ ಒತ್ತಿ ಎಳೆದು ನೋಡಿ, ಸುಮ್ಮನೆ ಕಟ್ಟಿಕೊಟ್ಟರು.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಕೊಪ್ಪಳದ ಮಿಸ್ತ್ರಿ ಸಾಮಾನುಗಳನ್ನು ನೋಡಿ, ಕಾರು ನೋಡಿ, "ವಕೀಲ್ ಸಾಬ್ ಹೇಳ್ಯಾರೇನ್ರಿ ಅಕ್ಕಾರ?" ಎಂದರು. ಹೇಳಿದ್ದಾರೆ ಎಂದೆ. ಅವರು ಕೋರ್ಟಿನಿಂದ ಬಂದ ಮೇಲೆ ಒಂದು ಮಾತು ಕೇಳಿ ಶುರು ಮಾಡುತ್ತೇನೆ ಎಂದರು. ಗ್ಯಾರೇಜಿನ ಮುಂದಿದ್ದ ಹಳೆಯ ಟೈರಿನ ಮೇಲೆ ಕೂತೆ. ಕೆಲಸ ಮುಗಿಯುವವರೆಗೆ ಏಳುವುದಿಲ್ಲ ಎಂದೆ. ಬಂದುಹೋಗುವ ಗಿರಾಕಿಗಳು ನನ್ನನ್ನು ನೋಡಿ ನೋಡಿ ಹೋಗುತ್ತಿದ್ದರು. ಕೊನೆಗೆ ಮಿಸ್ತ್ರಿಗೇ ಮುಜುಗರವಾಗಿ ಜ್ಯಾಕ್ ತೆಗೆದುಕೊಂಡರು. ತಾವೇ ಹಾಕಿದ್ದ ದಪ್ಪ ಪಾಟಾಗಳನ್ನು ಬಿಚ್ಚುವಾಗ, ಇವು ಕಾರಿಗೆ ಆಗುವುದಿಲ್ಲ ಎಂದು ಅವರಿಗೆ ಅವತ್ತೇ ಅನ್ನಿಸಿತ್ತೆಂದು ಹೇಳಿದರು.

ಕೆಲಸ ಮುಗಿದ ಮೇಲೆ ಮೊದಲು ಕುಷ್ಟಗಿಗೆ ಹೋದೆವು. ಉಬ್ಬು ಬಂದರೆ ಕಾರು ಏರಿತು, ಇಳಿಯಿತು, ನಿಂತಿತು. ಅಷ್ಟೇ. ಅಷ್ಟಕ್ಕೆ ಒಂದು ವರ್ಷ ಹಿಡಿದಿತ್ತು. ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಹಿಂದೆ ನಾಲ್ಕು ಮಂದಿ ಕೂತರೆ ಹಳ್ಳ ದಾಟುವಾಗ ಈಗಲೂ ಸೈಲೆನ್ಸರು ಒಮ್ಮೆ ಕೆರೆಯುತ್ತಿತ್ತು. ಗಟ್ಟಿ ಮಾಡಿದರೆ ಭಾರ ತಡೆಯುತ್ತದೆ, ಮೈ ನೋಯಿಸುತ್ತದೆ. ಮೆತ್ತಗೆ ಮಾಡಿದರೆ ಸುಖ, ಆದರೆ ಕುಸಿಯುತ್ತದೆ. ಎರಡೂ ಬೇಕೆಂದರೆ ಸಿಗುವುದಿಲ್ಲ, ಹಿಂದೆ ಮೂವರಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಳ್ಳಬಾರದು ಎಂದು ಯಜಮಾನರಿಗೆ ಖಡಾಖಂಡಿತ ಹೇಳಿದೆ. ಒಪ್ಪಿದರು. ಇಬ್ಬರು ಸಾಕ್ಷಿಗಳು ಬಡಕಲಾಗಿದ್ದರೆ ಅವರನ್ನು ಒಬ್ಬರೆಂದು ಲೆಕ್ಕ ಹಿಡಿಯಬಹುದಲ್ಲ ಎಂದು ದಾರಿಯಲ್ಲೇ ವಾದ ತೆಗೆದರು.

ಆಮೇಲೆ ಆದದ್ದು ಇದು. ಕಾರು ಈಗ ಸಮಾಧಾನವಾಗಿ ಹೋಗುತ್ತಿದ್ದುದರಿಂದ ಕೊಪ್ಪಳ ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತುತ್ತಿತ್ತು. ದಾರಿಯಲ್ಲಿ ಓದಬೇಕೆಂದು ತೊಡೆಯ ಮೇಲೆ ಇಟ್ಟುಕೊಂಡ ಫೈಲು ಅಲ್ಲೇ ಇರುತ್ತಿತ್ತು, ತಲೆ ಕಿಟಕಿಗೆ ಆನಿರುತ್ತಿತ್ತು. ಯಲಬುರ್ಗಾದ ಕೋರ್ಟಿನ ಮುಂದೆ ಒಂದು ಮುಂಜಾನೆ ನಾನು ಎಬ್ಬಿಸಿದಾಗ ಗಾಬರಿಯಿಂದ ಎದ್ದು, ಓದದ ಕಾಗದಗಳನ್ನು ನೋಡಿ, ಕೋಟು ತೊಡುತ್ತ ನನ್ನನ್ನು ಕೇಳಿದರು.

"ಒಂದೀಟು ಗಟ್ಟಿ ಮಾಡಿಸಾಕ ಬರ್ತೈತೇನು? ಭಾಳ ಅಲ್ಲ. ನಿದ್ದಿ ಬರದಷ್ಟು."

ಕಾರಿನ ಬಾಗಿಲಿಗೆ ಚಾವಿ ಹಾಕಿ, ಕೈಚೀಲ ತೆಗೆದುಕೊಂಡು, ಬದನೆಕಾಯಿ ತರಲು ಸಂತೆಯ ಕಡೆ ನಡೆದೆ.